ತಳ ಹಿಡಿದದ್ದು ಮೇಲೇರಿದ ಕಥೆ

ನಮ್ಮ ಮದುವೆ ಮನೆಗಳಲ್ಲಿ ಬಿರಿಯಾನಿಗೆ ದಮ್ ಕೊಡುವಾಗ ಮುಚ್ಚಳದ ಮೇಲೆ ಕೆಂಡ ಹರಡುವುದನ್ನು ನೀವು ನೋಡಿಯೇ ಇರುತ್ತೀರಿ. ಮನೆಮನೆಗೆ ಓವನ್ ಬರುವ ಮೊದಲು ಫ್ರಾನ್ಸಿನ ಅಡುಗೆಯವರೂ ಕೆಳಗೆ ಬೆಂಕಿ, ಮೇಲೆ ಕೆಂಡ ಇಟ್ಟೇ ಬೇಯಿಸುತ್ತಿದ್ದರು. ಆದರೆ ನಮಗೆ ಹಬೆ ಒಳಗೇ ಉಳಿಯಬೇಕು, ಅವರಿಗೆ ಮೇಲ್ಮೈ ಒಣಗಬೇಕು. ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನಿಗೆ ಇದು ಸುಲಭದ ಲೆಕ್ಕ: ನೀರಿರುವವರೆಗೆ ಬಿಸಿ 100 ಡಿಗ್ರಿ ದಾಟುವುದಿಲ್ಲ, ಹೊಂಬಣ್ಣ ಬರಲು ಸುಮಾರು 140 ಬೇಕು. ಆ ಬಣ್ಣದ ಹಿಂದಿನ ರಾಸಾಯನಿಕ ಕ್ರಿಯೆಯನ್ನು 1912ರಲ್ಲಿ ವಿವರಿಸಿದವನೂ ಫ್ರೆಂಚನೇ, ಲೂಯಿ ಕಮೀಯ್ ಮಯಾರ್.

ಹೀಗೆ ಚೀಸ್ ಅಥವಾ ಬ್ರೆಡ್ ಪುಡಿ ಹರಡಿ ಮೇಲ್ಭಾಗ ಗರಿಗರಿ ಮಾಡಿದ ಖಾದ್ಯವೇ ಗ್ರಾತಾಂ. ಹೆಸರು ಬಂದದ್ದು ಮಾತ್ರ 'ಕೆರೆಯುವುದು' ಎಂಬ ಅರ್ಥದ ಕ್ರಿಯಾಪದದಿಂದ. ಪಾತ್ರೆಗೆ ಹತ್ತಿದ್ದನ್ನು ಸೌಟಿನಲ್ಲಿ ಕೆರೆದು ತಿನ್ನುತ್ತಿದ್ದರಲ್ಲ, ಅದು. ನಮ್ಮಲ್ಲಿ ತಳ ಹಿಡಿದ ಅನ್ನಕ್ಕೆ ಮಕ್ಕಳು ಜಗಳವಾಡುತ್ತಾರೆ, ಹೆಸರು ಬದಲಾಗಿಲ್ಲ. ಪ್ಯಾರಿಸ್ಸಿನಲ್ಲಾದರೋ ಶ್ರೀಮಂತರ ವಲಯಕ್ಕೇ ಗ್ರಾತಾಂ ಎಂಬ ಅಡ್ಡಹೆಸರು ಬಿತ್ತು!

ಇವುಗಳಲ್ಲಿ ಹೆಸರಾದದ್ದು ಆಲ್ಪ್ಸ್ ಸೀಮೆಯ ದೋಫಿನೆ ಪ್ರಾಂತ್ಯದ ಆಲೂಗಡ್ಡೆ ಗ್ರಾತಾಂ. ಅದರ ಮೊದಲ ಉಲ್ಲೇಖವೆಂದು ಹೇಳುವುದು 1788ರ ಜುಲೈ 12ರ ಒಂದು ಔತಣವನ್ನು. ಗಾಪ್ ಪಟ್ಟಣದ ಪುರಸಭೆಯ ಅಧಿಕಾರಿಗಳಿಗೆ ಅದನ್ನು ಕೊಟ್ಟವನು ದೋಫಿನೆಯ ರಾಜಪ್ರತಿನಿಧಿ, ಡ್ಯೂಕ್ ಕ್ಲೆರ್ಮೋಂ-ತೊನೇರ್. ಐದು ವಾರ ಹಿಂದೆ, ಜೂನ್ 7ರಂದು, ಇವನ ಆಡಳಿತದಲ್ಲೇ ಗ್ರೆನೋಬ್ಲ್ ಜನ ಮಾಡು ಹತ್ತಿ ಸೈನಿಕರ ಮೇಲೆ ಹಂಚು ಎಸೆದಿದ್ದರು. ಫ್ರೆಂಚ್ ಕ್ರಾಂತಿಯ ಮುನ್ನುಡಿ ಎಂದು ಆ 'ಹಂಚುಗಳ ದಿನ'ವನ್ನು ಕರೆಯುತ್ತಾರೆ. ಅಂಥ ಹೊತ್ತಿನಲ್ಲಿ ಊರಿನವರನ್ನು ಕರೆದು ಊಟ ಹಾಕಿದ್ದು ಬರೀ ಹಸಿವಿಗಲ್ಲ ಎಂದೇ ನನ್ನ ಅನಿಸಿಕೆ.

ಆಲೂಗಡ್ಡೆಗೂ ಆಗ ಮಾನ ಹೊಸದು. 1748ರಲ್ಲಿ ಪ್ಯಾರಿಸ್ಸಿನ ನ್ಯಾಯಮಂಡಲಿ ಅದರ ಕೃಷಿಯನ್ನೇ ನಿಷೇಧಿಸಿತ್ತು. ಪ್ರಷ್ಯಾದ ಸೆರೆಯಲ್ಲಿ ಅದನ್ನೇ ತಿಂದು ಬದುಕಿದ್ದ ಪಾರ್ಮಾಂತಿಯೇ ಎಂಬ ಔಷಧಿ ತಜ್ಞ ಪಟ್ಟುಹಿಡಿದು ವಾದಿಸಿದ. 1772ರಲ್ಲಿ ವೈದ್ಯರು ತಿನ್ನಲು ಯೋಗ್ಯ ಎಂದರು.

ಆ ಔತಣದ ಮರುದಿನವೇ, ಜುಲೈ 13ರಂದು, ಉತ್ತರ ಫ್ರಾನ್ಸಿನಲ್ಲಿ ಭಾರೀ ಆಲಿಕಲ್ಲು ಮಳೆ ಬಿದ್ದು ಕೊಯ್ಲಿಗೆ ನಿಂತ ಗೋಧಿ ನೆಲ ಕಚ್ಚಿತು. ಮುಂದಿನ ಬೇಸಿಗೆಯವರೆಗೂ ಬ್ರೆಡ್ಡಿನ ಬೆಲೆ ಏರುತ್ತಲೇ ಹೋಯಿತು. ಗ್ರಾತಾಂ ಮೇಲೆ ಉದುರಿಸುವ ಪುಡಿಗೂ ಮನೆಯಲ್ಲಿ ಒಣ ಬ್ರೆಡ್ ಉಳಿದಿರಬೇಕಲ್ಲ? 1789ರ ಜುಲೈ 14ರಂದು ಜನ ಬಾಸ್ತೀಯ್ ಕೋಟೆಗೆ ನುಗ್ಗಿದರು.