ಮಣ್ಣಿನೊಳಗಿನ ಕೊನೆಯ ಸಾಲು

ಹಾಸನದಿಂದ ಹೊಳೆನರಸೀಪುರದ ಕಡೆಗೆ ಸುಮಾರು 12 ಕಿಲೋಮೀಟರ್ ಹೋದರೆ ಮೊಸಳೆ ಸಿಗುತ್ತದೆ. ನಾಗೇಶ್ವರ, ಚೆನ್ನಕೇಶವ ಎಂಬ ಎರಡು ಹೊಯ್ಸಳ ಗುಡಿಗಳು ಅಲ್ಲಿ ಅವಳಿಗಳಂತೆ ಅಕ್ಕಪಕ್ಕ ನಿಂತಿವೆ. ಕ್ರಿ.ಶ. 1200ರ ಸುಮಾರಿನವು. ನೋಡಲು ಬಂದವರು ಗೋಡೆಯ ಶಿಲ್ಪಗಳ ಚಿತ್ರ ತೆಗೆದುಕೊಂಡು ಬೇಲೂರಿಗೋ ಹಳೇಬೀಡಿಗೋ ಹೊರಡುತ್ತಾರೆ. ಆದರೆ ಈ ಸೀಮೆಯ ಚರಿತ್ರೆ ಗುಡಿಗಳಲ್ಲಿ ಮಾತ್ರ ಇಲ್ಲ. ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಲಂಟಾನದ ಮೆಳೆಯೊಳಗೆ ಮುಳುಗಿರುವ ಕಲ್ಲುಗಳಲ್ಲೂ ಇದೆ.

ಸತ್ತವರಿಗೆ ಕಲ್ಲು ನಿಲ್ಲಿಸುವುದು ನಮ್ಮಲ್ಲಿ ಬಹಳ ಹಳೆಯ ರೂಢಿ. ಹೋರಾಡಿ ಮಡಿದವನಿಗೆ ವೀರಗಲ್ಲು: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಮೇಲಕ್ಕೊಯ್ಯುವ ದೃಶ್ಯ, ಮೇಲೆ ಸ್ವರ್ಗ. ಗಂಡನೊಡನೆ ಚಿತೆಯೇರಿದವಳಿಗೆ ಬಳೆ ತೊಟ್ಟು ಎತ್ತಿದ ಕೈಯ ಮಾಸ್ತಿಕಲ್ಲು. ಸಲ್ಲೇಖನದಿಂದ ದೇಹ ಬಿಟ್ಟ ಜೈನರಿಗೆ ನಿಷಿಧಿ. ಇವುಗಳ ಮುಂದುವರಿಕೆಯಂತೆ, ಹಳ್ಳಿಯ ಮನೆತನಗಳು ತಮ್ಮದೇ ಜಮೀನಿನ ಮೂಲೆಯಲ್ಲಿ ಹಿರಿಯರನ್ನು ಮಣ್ಣು ಮಾಡಿ ನಿಲ್ಲಿಸಿದ, ನಾಲ್ಕೈದು ಸಾಲು ಬರಹದ ಕಲ್ಲುಗಳಿವೆ. ಮೊದಲ ಮೂರು ಬಗೆಯವು ವಿದ್ವಾಂಸರ ಕಣ್ಣಿಗೆ ಬಿದ್ದವು. ಕೊನೆಯವನ್ನು ಯಾರೂ ಬರೆದುಕೊಳ್ಳುವುದಿಲ್ಲ.

ಮನೆತನದ ಸಮಾಧಿಗಳು ಏನು ಹೇಳಬಲ್ಲವು ಎಂದು ತಿಳಿಯಲು ಇದೇ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿಗೆ ಹೋಗಬೇಕು. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮನೆಯವರ ನಿಷಿಧಿಗಳಿವೆ, 12ನೆಯ ಶತಮಾನದ ಮೊದಲ ದಶಕಗಳವು. ಚೋಳರಿಂದ ತಲಕಾಡನ್ನು ಗೆದ್ದುಕೊಟ್ಟವನು ಈ ಗಂಗರಾಜ. ಅವನ ತಾಯಿ ಪೋಚಿಕಬ್ಬೆಗೆ ಅಲ್ಲಿ ಒಂದು ಕಲ್ಲು, ಹೆಂಡತಿ ಲಕ್ಷ್ಮಿಗೆ ಒಂದು, ಗುರು ಶುಭಚಂದ್ರರಿಗೆ ಒಂದು. ಸತ್ತವರು ಯಾರೆಂದು ಈ ಶಾಸನಗಳು ಹೇಳುತ್ತವೆ. ಕಲ್ಲು ನಿಲ್ಲಿಸಿದವರು ಯಾರೆಂದೂ ಹೇಳುತ್ತವೆ. ಕೆಲವದರ ಕೊನೆಯಲ್ಲಿ ಬರೆದ ಚಾವರಾಜನ ಹೆಸರು, ಕೆತ್ತಿದ ಗಂಗಾಚಾರಿ, ವರ್ಧಮಾನಾಚಾರಿಯರ ಹೆಸರೂ ಇವೆ. ಯುದ್ಧದ ಶಾಸನಗಳಲ್ಲಿ ಕಾಣುವ ಗಂಗರಾಜ ಸೇನಾಪತಿ. ಇಲ್ಲಿ ಅವನು ತಾಯಿಯನ್ನು ಕಳೆದುಕೊಂಡ ಮಗ, ಹೆಂಡತಿಯನ್ನು ಕಳೆದುಕೊಂಡ ಗಂಡ.

ಅಂದರೆ ಸ್ಮಾರಕಶಿಲೆ ಇಬ್ಬರ ದಾಖಲೆ: ಹೋದವರದು, ಉಳಿದವರದು. ಉಳಿದವರ ಹೆಸರು ಸಾಮಾನ್ಯವಾಗಿ ಕೊನೆಯ ಸಾಲಿನಲ್ಲಿರುತ್ತದೆ. ಕಲ್ಲು ಕುಸಿದಾಗ, ಮಳೆಗೆ ಮಣ್ಣು ಕೊಚ್ಚಿ ಬಂದು ನಿಂತಾಗ ಮೊದಲು ಮುಚ್ಚಿಹೋಗುವುದೂ ಅದೇ ಸಾಲು.

ಇದು ನನಗೆ ಸ್ಪಷ್ಟವಾದದ್ದು ಮೊಸಳೆಯ ಆಸುಪಾಸಿನ ಒಂದು ಹೊಲದಲ್ಲಿ. ಪರಿಚಯದ ಮನೆತನವೊಂದರಲ್ಲಿ ಜಮೀನು ಪಾಲಾಗುವುದಿತ್ತು. ಬದು ಸಮ ಮಾಡಲು ಜೆಸಿಬಿ ಬರುವ ಮೊದಲು ಮೂಲೆಯ ಕಲ್ಲುಗಳ ಬರಹವನ್ನು ಬರೆದುಕೊಡಿ ಎಂದು ಕೇಳಿದ್ದರು. ಮೆಳೆ ಸವರಿದ ಮೇಲೆ ಏಳು ಕಲ್ಲು ಕಂಡವು. ಒಂದರಲ್ಲಿ ಹೆಂಗಸಿನ ಹೆಸರು, ‘ರಕ್ತಾಕ್ಷಿ ಸಂ॥’ ಎಂಬಷ್ಟು ಮಾತ್ರ ಮಣ್ಣಿನ ಮೇಲಿತ್ತು. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುವುದರಿಂದ ರಕ್ತಾಕ್ಷಿ 1864–65 ಆಗಬಹುದು, 1924–25 ಆಗಬಹುದು, 1984–85 ಕೂಡ ಆಗಬಹುದು. ಅಕ್ಷರದ ಸವೆತ ನೋಡಿದರೆ ಕೊನೆಯದಂತೂ ಅಲ್ಲ. ಮೊದಲೆರಡರಲ್ಲಿ ಯಾವುದು?

ಮನೆಯವರ ಒಪ್ಪಿಗೆ ಪಡೆದು ಬುಡದ ನಾಲ್ಕು ಬೆರಳು ಮಣ್ಣನ್ನು ಕೈಯಿಂದ ಸರಿಸಿದೆ. ಇನ್ನೊಂದು ಹೆಸರು, ಅದರ ಮುಂದೆ ‘ಸೊಸೆ ಮಾಡಿಸಿದ್ದು’ ಎಂದಿತ್ತು. ಪಕ್ಕದಲ್ಲಿ ನಿಂತಿದ್ದ ಯಜಮಾನರಿಗೆ ಎಂಬತ್ತು ದಾಟಿದೆ. ಆ ಸೊಸೆ ಅವರ ಅಜ್ಜಿಯೇ ಇರಬೇಕು. ಅತ್ತೆಗೆ ಕಲ್ಲು ಹಾಕಿಸಿದ ಅಜ್ಜಿಯ ಕಥೆಯನ್ನು ಅವರು ಕೇಳಿದ್ದರು. ಹಾಗಾಗಿ ವರ್ಷ 1924–25 ಎಂದು ನಿಂತಿತು. ಆದರೆ ಅವರು ಬಹಳ ಹೊತ್ತು ನೋಡಿದ್ದು ವರ್ಷವನ್ನಲ್ಲ. “ಹೆಸರಿಡ್ದು ಯಾರ್ ಕರೀತಿದ್ರು ಸ್ವಾಮಿ, ನಮಗೆಲ್ಲ ಅಜ್ಜಿನೇ” ಎಂದರು. ಅಜ್ಜಿಯ ಹೆಸರು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳ ಸ್ವಂತ ಸಮಾಧಿಗೆ ಕಲ್ಲೂ ಇಲ್ಲ. ಅತ್ತೆಯ ಕಲ್ಲಿನ ಕೊನೆಯ ಸಾಲೇ ಅವಳ ಹೆಸರು ಉಳಿದಿದ್ದ ಒಂದೇ ಜಾಗ.

ಈ ಕೆಲಸಕ್ಕೆ ದೊಡ್ಡ ಸಲಕರಣೆ ಬೇಕಿಲ್ಲ. ಬೆಳಗಿನ ಅಥವಾ ಇಳಿಹೊತ್ತಿನ ಓರೆ ಬಿಸಿಲಿನಲ್ಲಿ ಸವೆದ ಅಕ್ಷರದ ನೆರಳು ಏಳುತ್ತದೆ. ಮರದಡಿಯ ಕಲ್ಲಿಗೆ ಕನ್ನಡಿಯಿಂದ ಬೆಳಕು ಬಿಟ್ಟರಾಯಿತು. ಪಾಚಿಗೆ ನೀರು, ಮೆತ್ತನೆಯ ಬ್ರಷ್ ಸಾಕು. ತಂತಿಯ ಬ್ರಷ್, ಆಸಿಡ್, ಸೀಮೆಸುಣ್ಣ ಯಾವುದೂ ಬೇಡ. ಕಲ್ಲಿನಲ್ಲಿ ಸಾಲು ಎಲ್ಲಿ ಮುರಿದಿದೆಯೋ ಅಲ್ಲೇ ಮುರಿದು, ಕಾಗುಣಿತ ತಿದ್ದದೆ ಬರೆದುಕೊಳ್ಳಿ. ಅಳಿದ ಅಕ್ಷರಕ್ಕೆ ಚುಕ್ಕೆ ಇಡಿ, ಊಹೆಯನ್ನು ಬೇರೆ ಕಡೆ ಬರೆಯಿರಿ. ಸರ್ವೆ ನಂಬರು, ಕಲ್ಲಿನ ಮುಖ ಯಾವ ದಿಕ್ಕಿಗೆ, ಪಕ್ಕದಲ್ಲಿ ಯಾರ ಕಲ್ಲು ಎಂಬುದನ್ನೂ ಗುರುತಿಸಿ. ಕಲ್ಲನ್ನು ಕಿತ್ತು ಬೇರೆಡೆ ಇಟ್ಟರೆ ಬರಹ ಉಳಿದರೂ ಸಂಬಂಧಗಳು ಅಳಿಯುತ್ತವೆ.

ಯಾರೋ ದೊಡ್ಡವರು ಎಲ್ಲವನ್ನೂ ಬರೆದಿಟ್ಟಿದ್ದಾರೆ ಎಂಬ ನೆಮ್ಮದಿ ಬೇಡ. ಶ್ರವಣಬೆಳಗೊಳದ ಲೆಕ್ಕವನ್ನೇ ನೋಡಿ. ಬಿ.ಎಲ್. ರೈಸ್ 1889ರಲ್ಲಿ ಅಲ್ಲಿನ 144 ಶಾಸನಗಳನ್ನು ಪ್ರಕಟಿಸಿದರು. 1923ರಲ್ಲಿ ಆರ್. ನರಸಿಂಹಾಚಾರ್ ಪರಿಷ್ಕರಿಸಿದಾಗ ಅವು 500 ಆದವು. 1973ರಲ್ಲಿ ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯ ಸಂಪುಟದಲ್ಲಿ 573. ಲಕ್ಷಾಂತರ ಜನ ಓಡಾಡುವ ಬೆಟ್ಟದಲ್ಲೇ ಮತ್ತೆ ಮತ್ತೆ ಹುಡುಕಿದವರಿಗೆ ಹೊಸದು ಸಿಕ್ಕಿತು. ಯಾರೂ ಒಮ್ಮೆಯೂ ಹುಡುಕದ ಹೊಲದ ಮೂಲೆಯಲ್ಲಿ ಎಷ್ಟಿರಬಹುದು?

ಬೆಟ್ಟದ ಬಂಡೆಗಳು ಕಾಯುತ್ತವೆ. ಹೊಲದ ಕಲ್ಲುಗಳು ಕಾಯುವುದಿಲ್ಲ. ಒಂದು ಬಟ್ಟೆ ಒಗೆಯುವ ಕಲ್ಲಾಗುತ್ತದೆ, ಇನ್ನೊಂದು ಮನೆಯ ತಳಪಾಯ ಸೇರುತ್ತದೆ. ನಿಮ್ಮ ಊರಿನಲ್ಲಿ ಅಂಥ ಮೂಲೆಯಿದ್ದರೆ ಈ ಬೇಸಿಗೆಯಲ್ಲೇ, ಮೆಳೆ ಒಣಗಿರುವಾಗ ಹೋಗಿ. ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಮಣ್ಣಿನ ಮೇಲೆ ಕಂಡಷ್ಟನ್ನು ಬರೆದುಕೊಂಡು ಎದ್ದು ಬರಬೇಡಿ.