ಮನೆಬಾಗಿಲಿಗೆ ಬಂದ ಫಿಸಿಯೋಥೆರಪಿ

ಮೊಣಕಾಲಿನ ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು ಎಂದು ವೈದ್ಯರು ಹೇಳಿದೊಡನೆ ಕಷ್ಟ ಕಳೆಯಿತು ಎಂದು ಮನೆಮಂದಿ ನಿಟ್ಟುಸಿರು ಬಿಡುವುದು ಸಹಜ. ಆದರೆ ಹೊಸ ಕೀಲು ಜೋಡಿಸಿದ ಮಾತ್ರಕ್ಕೆ ಕಾಲು ನಡೆಯುವುದಿಲ್ಲ. ಕುರ್ಚಿಯಿಂದ ಸಲೀಸಾಗಿ ಏಳಬೇಕಾದರೂ ಮೊಣಕಾಲು ಸುಮಾರು 90 ಡಿಗ್ರಿಯಷ್ಟು ಮಡಚಬೇಕು. ನೋವಿಗೆ ಹೆದರಿ ಕಾಲನ್ನು ಆಡಿಸದೆ ಬಿಟ್ಟರೆ ಕೀಲು ಬಿಗಿದುಕೊಳ್ಳುತ್ತದೆ. ಪಾರ್ಶ್ವವಾಯು ಬಡಿದವರ ಸ್ಥಿತಿಯೂ ಇದೇ. ಜೀವ ಉಳಿಸುವುದು ಆಸ್ಪತ್ರೆ. ಸ್ವಾಧೀನ ತಪ್ಪಿದ ಕೈಯಿಂದ ಮತ್ತೆ ಅನ್ನ ಕಲಸಿ ಉಣ್ಣುವಂತಾಗುವುದು ಮನೆಗೆ ಬಂದ ನಂತರದ ವಾರಗಳಲ್ಲಿ, ತಿಂಗಳುಗಳಲ್ಲಿ.

ಬೆಂಗಳೂರಿನ ದಕ್ಷಿಣದಲ್ಲಿ, ಶಾವಿಗೆ ಮಲ್ಲೇಶ್ವರ ಬೆಟ್ಟದ ಏರುತಗ್ಗಿನಲ್ಲಿ ಹರಡಿಕೊಂಡಿರುವ ಕುಮಾರಸ್ವಾಮಿ ಲೇಔಟ್‌ನಂಥ ಬಡಾವಣೆಗಳಲ್ಲಿ ಈಗ ಈ ಕೆಲಸಕ್ಕೆಂದೇ ಫಿಸಿಯೋಥೆರಪಿಸ್ಟರು ಸ್ಕೂಟರ್ ಏರಿ ಮನೆಯಿಂದ ಮನೆಗೆ ಹೋಗುತ್ತಾರೆ. ಮನೆಗೆ ಬರುವ ಈ ಚಿಕಿತ್ಸೆ ಹೊಸದೇ? ಒಂದು ಅರ್ಥದಲ್ಲಿ ಹೊಸದು. ಇನ್ನೊಂದು ಅರ್ಥದಲ್ಲಿ ಬಹಳ ಹಳೆಯದು.

ಕೈಗುಣದ ಕಾಲ

ಉಳುಕು, ನೋವು, ಮುರಿತಗಳಿಗೆ ನಮ್ಮವರು ಮೊದಲು ನಂಬಿದ್ದು ಕೈಗುಣವನ್ನು. ಗರಡಿಮನೆಯ ಉಸ್ತಾದರು ಜಾರಿದ ಕೀಲನ್ನು ಕೂರಿಸುತ್ತಿದ್ದರು. ಬಾಣಂತಿಗೆ ಎಣ್ಣೆ ತಿಕ್ಕಿ ನೀರೆರೆಯುವುದು ಅನುಭವಸ್ಥ ಅಜ್ಜಿಯರ ಕೆಲಸವಾಗಿತ್ತು. ಮೂಳೆ ಮುರಿದರೆ ಆಂಧ್ರದ ಪುತ್ತೂರಿಗೆ ಹೋಗಿ ಕಟ್ಟು ಹಾಕಿಸಿಕೊಂಡು ಬರುವ ರೂಢಿ ಇಂದಿಗೂ ಇದೆ. ‘ಪುತ್ತೂರು ಕಟ್ಟು’ ಎಂಬ ಫಲಕಗಳು ಬೆಂಗಳೂರಿನಲ್ಲೂ ಕಾಣಸಿಗುತ್ತವೆ. ಇನ್ನೂ ಹಿಂದಕ್ಕೆ ಹೋದರೆ, ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಜಟ್ಟಿಗಳ ಆಹಾರ, ಸಾಧನೆಗಳ ವಿವರ ಸಿಗುತ್ತದೆ.

ಅಂಗಸಾಧನೆಯನ್ನು ಮನೆಗೇ ಕಳಿಸುವ ಯೋಚನೆಯೂ ಬೆಂಗಳೂರಿಗೆ ಹೊಸತಲ್ಲ. ‘ಶಾಂತಲಾ’ ಕಾದಂಬರಿಯಿಂದ ಕನ್ನಡಿಗರ ಮನೆಮಾತಾದ ಕೆ. ವಿ. ಅಯ್ಯರ್ ಮೂಲತಃ ವ್ಯಾಯಾಮ ಶಿಕ್ಷಕರು. ಕಳೆದ ಶತಮಾನದ ಮೊದಲರ್ಧದಲ್ಲಿ ನಗರದಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಅವರು ‘ಹರ್ಕ್ಯುಲಿಸ್’ ಹೆಸರಿನಲ್ಲಿ ಅಂಚೆಯ ಮೂಲಕವೂ ಪಾಠ ಹೇಳುತ್ತಿದ್ದರು.

ಇವೆಲ್ಲದರಲ್ಲೂ ಅನುಭವವಿತ್ತು, ಶ್ರದ್ಧೆಯಿತ್ತು. ಇಲ್ಲದಿದ್ದುದು ಯಾವ ಸ್ನಾಯು ಏಕೆ ಸೋತಿದೆ ಎಂದು ಪರೀಕ್ಷಿಸಿ, ಅದಕ್ಕೆ ತಕ್ಕ ಚಲನೆಯನ್ನು ಗೊತ್ತುಮಾಡಿ, ಫಲವನ್ನು ಅಳೆದು ನೋಡುವ ಕ್ರಮ. ಕೈಗುಣವನ್ನು ಕಲಿಸಬಹುದಾದ ವಿದ್ಯೆಯಾಗಿ ಮಾರ್ಪಡಿಸಿದ್ದೇ ಫಿಸಿಯೋಥೆರಪಿಯ ಚರಿತ್ರೆ.

ನಾಲ್ವರು ಮಹಿಳೆಯರು

ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಅಂಗಸಾಧನೆಯ ಸಂಸ್ಥೆಯೊಂದನ್ನು ಆರಂಭಿಸಿದ. ಸೈನಿಕರ ಕಸರತ್ತಿನ ಜೊತೆಗೆ ರೋಗ ನಿವಾರಣೆಯ ವ್ಯಾಯಾಮಗಳನ್ನೂ ಅಲ್ಲಿ ಕಲಿಸುತ್ತಿದ್ದರು. ಈ ವಿದ್ಯೆ ಯುರೋಪಿನಲ್ಲೆಲ್ಲ ಹರಡಿತು.

ಲಂಡನ್ನಿನಲ್ಲಿ ಮಾತ್ರ ಅದಕ್ಕೊಂದು ವಿಚಿತ್ರ ಸಂಕಟ ಎದುರಾಯಿತು. ಅಂಗಮರ್ದನದ ಹೆಸರಿನಲ್ಲಿ ಕೆಲವು ಕಡೆ ವೇಶ್ಯಾವಾಟಿಕೆ ನಡೆಯುತ್ತಿದೆ ಎಂದು ಅಲ್ಲಿನ ವೈದ್ಯಕೀಯ ಪತ್ರಿಕೆ 1894ರಲ್ಲಿ ಗುಲ್ಲೆಬ್ಬಿಸಿತು. ಪ್ರಾಮಾಣಿಕವಾಗಿ ಈ ಕೆಲಸ ಮಾಡುತ್ತಿದ್ದವರ ಮಾನದ ಪ್ರಶ್ನೆ ಅದು. ಲೂಸಿ ರಾಬಿನ್ಸನ್, ರೊಸಾಲಿಂಡ್ ಪ್ಯಾಜೆಟ್, ಎಲಿಜಬೆತ್ ಮ್ಯಾನ್ಲಿ ಮತ್ತು ಮಾರ್ಗರೆಟ್ ಪಾಮರ್ ಎಂಬ ನಾಲ್ವರು ಅದೇ ವರ್ಷ ಸೇರಿ ತರಬೇತಿ ಪಡೆದ ಅಂಗಮರ್ದಕಿಯರ ಸಂಘ ಕಟ್ಟಿದರು. ಪರೀಕ್ಷೆ ಪಾಸಾದವರಿಗೆ ಮಾತ್ರ ಪ್ರಮಾಣಪತ್ರ ಎಂಬ ನಿಯಮ ತಂದರು. ಇಂದು ಬ್ರಿಟನ್ನಿನ ಫಿಸಿಯೋಥೆರಪಿಸ್ಟರೆಲ್ಲರ ಸಂಘವಾಗಿ ಬೆಳೆದಿರುವುದು ಅದೇ.

ಅನಂತರ ಈ ವೃತ್ತಿಯನ್ನು ಬೆಳೆಸಿದವು ಎರಡು ಮಹಾ ವಿಪತ್ತುಗಳು. ಒಂದು, ಕೈಕಾಲು ಕಳೆದುಕೊಂಡ ಸಾವಿರಾರು ಯುವಕರನ್ನು ಮನೆಗೆ ಕಳಿಸಿದ ಮೊದಲ ಮಹಾಯುದ್ಧ. ಇನ್ನೊಂದು, ಪೋಲಿಯೊ. ಜ್ವರ ಇಳಿದ ಮೇಲೆ ಔಷಧದಿಂದ ಮಾಡಬಹುದಾದದ್ದು ಏನೂ ಉಳಿಯುತ್ತಿರಲಿಲ್ಲ. ಉಳಿದ ಸ್ನಾಯುಗಳನ್ನು ಬಲಪಡಿಸುವುದೊಂದೇ ದಾರಿಯಾಗಿತ್ತು.

ಭಾರತದಲ್ಲಿ ಈ ವಿದ್ಯೆ ನೆಲೆಯೂರಲು ಪೋಲಿಯೊ ಪಿಡುಗೇ ಮುಖ್ಯ ಕಾರಣ. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ 1950ರಲ್ಲಿ ಕಮಲಾ ನಿಂಬಕರ್ ದೈನಂದಿನ ಕೆಲಸಗಳನ್ನು ಮತ್ತೆ ಕಲಿಸುವ ಆಕ್ಯುಪೇಷನಲ್ ಥೆರಪಿಯ ಶಾಲೆ ತೆರೆದರು. 1953ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಂದಿಗೆ ಅಲ್ಲೇ ಫಿಸಿಯೋಥೆರಪಿ ಶಾಲೆ ಶುರುವಾಯಿತು. ಕರ್ನಾಟಕದ ಪಾಲಿಗೆ ದೊಡ್ಡ ಹೆಜ್ಜೆ ಎಂದರೆ 1960ರ ದಶಕದ ಮಧ್ಯದಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ನೆಲೆಗೊಂಡ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಮಾತು ಕಳೆದುಕೊಂಡವರಿಗೆ ಮಾತು ಕಲಿಸುವವರು ತಯಾರಾದದ್ದು ಅಲ್ಲಿ.

ದಕ್ಷಿಣ ಬೆಂಗಳೂರಿನ ಪಾಲು

ಬೆಂಗಳೂರಿನಲ್ಲಿ ಈ ಕಾಳಜಿಗೆ ಸಂಸ್ಥೆಯ ರೂಪ ಕೊಟ್ಟವರಲ್ಲಿ ಎನ್. ಎಸ್. ಹೇಮಾ ಪ್ರಮುಖರು. ಅಂಗವೈಕಲ್ಯದೊಂದಿಗೆ ಬದುಕಿದ ಅವರು 1959ರಲ್ಲಿ ಅಂಗವಿಕಲರ ಸಂಘವನ್ನು ಸ್ಥಾಪಿಸಿದರು. ಚಿಕಿತ್ಸೆ, ಓದು, ಉದ್ಯೋಗ ಮೂರೂ ಒಟ್ಟಿಗೆ ಸಿಗಬೇಕು ಎಂಬುದು ಆ ಸಂಸ್ಥೆ ಹಿಡಿದ ಹಾದಿ. 1994ರಲ್ಲಿ ಆರಂಭವಾಗಿ ಈಗ ಜೆ.ಪಿ. ನಗರದಲ್ಲಿ ನೆಲೆಸಿರುವ ‘ಮೊಬಿಲಿಟಿ ಇಂಡಿಯಾ’ ಕೃತಕ ಕಾಲು, ಊರುಗೋಲು, ಗಾಲಿಕುರ್ಚಿಗಳ ತಯಾರಿಕೆಯ ಜೊತೆಗೆ ಪುನಶ್ಚೇತನ ಕೆಲಸಗಾರರಿಗೆ ತರಬೇತಿಯನ್ನೂ ಕೊಡುತ್ತಿದೆ.

ಜಯನಗರದಲ್ಲಿ 1996ರಲ್ಲಿ ಕಾರ್ಯಾರಂಭ ಮಾಡಿದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ರಾಜ್ಯದ ಫಿಸಿಯೋಥೆರಪಿ ಕಾಲೇಜುಗಳಲ್ಲಿ ಹೆಚ್ಚಿನವನ್ನು ಒಂದೇ ಪಠ್ಯಕ್ರಮದಡಿ ತಂದಿತು. ಕುಮಾರಸ್ವಾಮಿ ಲೇಔಟ್‌ನ ದಯಾನಂದ ಸಾಗರ್ ಸಂಸ್ಥೆಗಳ ಆವರಣದಲ್ಲೂ ಅಂಥದೊಂದು ಕಾಲೇಜು ಇದೆ.

ಪೋಲಿಯೊ ಈಗ ಹಿಂದೆ ಸರಿದಿದೆ. ದೇಶದ ಕೊನೆಯ ಸಹಜ ಪೋಲಿಯೊ ಪ್ರಕರಣ ಕಾಣಿಸಿಕೊಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್‌ನಲ್ಲಿ ಭಾರತಕ್ಕೆ ಪೋಲಿಯೊ ಮುಕ್ತ ಪ್ರಮಾಣಪತ್ರ ದೊರೆಯಿತು. ಮಕ್ಕಳ ಕಾಲಿಗಾಗಿ ಬೆಳೆದ ವಿದ್ಯೆಯನ್ನು ಈಗ ಹೆಚ್ಚಾಗಿ ಬೇಡುತ್ತಿರುವವರು ವಯಸ್ಸಾದವರು. ನಿವೃತ್ತರು ಮನೆ ಕಟ್ಟಿಕೊಂಡ, ಮಕ್ಕಳು ದೂರದೂರಿನಲ್ಲಿರುವ ದಕ್ಷಿಣ ಬೆಂಗಳೂರಿನ ಬೀದಿಗಳಲ್ಲಿ ಇದು ಎದ್ದು ಕಾಣುತ್ತದೆ.

ಮನೆಯಲ್ಲೇ ಏಕೆ?

ಆಸ್ಪತ್ರೆಯ ನೆಲ ಸಮತಟ್ಟು, ಹಿಡಿದುಕೊಳ್ಳಲು ಎರಡೂ ಬದಿಗೆ ಕಂಬಿ. ಮನೆ ಹಾಗಲ್ಲ. ಬಾಗಿಲಿಗೆ ಹೊಸಿಲು, ಬಚ್ಚಲಿಗೆ ಜಾರುವ ನೆಲ, ಮಹಡಿಗೆ ಕಿರಿದಾದ ಮೆಟ್ಟಿಲು, ಹೊರಗೆ ಕಾಲಿಟ್ಟರೆ ಇಳಿಜಾರಿನ ರಸ್ತೆ. ರೋಗಿ ಗೆಲ್ಲಬೇಕಾದದ್ದು ಇವನ್ನೇ. ಮನೆಗೆ ಬರುವ ಚಿಕಿತ್ಸಕರು ಮೊದಲು ನೋಡಬೇಕಾದ್ದೂ ಇವನ್ನೇ. ಬಚ್ಚಲಿನ ಗೋಡೆಗೆ ಯಾವ ಎತ್ತರದಲ್ಲಿ ಹಿಡಿ ಬೇಕು, ಮಂಚ ಎಷ್ಟು ತಗ್ಗು, ಯಾವ ಚಾಪೆ ಕಾಲಿಗೆ ಎಡತಾಕುತ್ತದೆ ಎಂಬುದು ಆಸ್ಪತ್ರೆಯಲ್ಲಿ ಕುಳಿತು ಹೇಳುವ ಮಾತಲ್ಲ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು ಎಂಬ ಸರಳ ಸೂತ್ರವನ್ನು ಮನೆಯ ಮೆಟ್ಟಿಲಿನ ಮೇಲೇ ಅಭ್ಯಾಸ ಮಾಡಿಸುವುದರಲ್ಲಿ ಅರ್ಥವಿದೆ.

‘ಪಾಪ, ಮಲಗಿರಲಿ’ ಎಂಬ ಮಮತೆ ಮನೆಯಲ್ಲಿ ಎದುರಾಗುವ ಇನ್ನೊಂದು ಅಡ್ಡಿ. ಹಾಸಿಗೆಯ ಅಪಾಯಗಳ ಬಗ್ಗೆ ಬ್ರಿಟಿಷ್ ವೈದ್ಯ ರಿಚರ್ಡ್ ಆಶರ್ 1947ರಷ್ಟು ಹಿಂದೆಯೇ ಎಚ್ಚರಿಸಿದ್ದರು. ಆರೋಗ್ಯವಂತ ವೃದ್ಧರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ ಅಮೆರಿಕದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಅವರ ಕಾಲುಗಳು ಸುಮಾರು ಒಂದು ಕಿಲೊದಷ್ಟು ಸ್ನಾಯುಭಾಗವನ್ನು ಕಳೆದುಕೊಂಡಿದ್ದವು. ಕಾಯಿಲೆಯಿಲ್ಲದವರ ಗತಿಯೇ ಹೀಗಾದರೆ ರೋಗಿಗಳ ಪಾಡೇನು?

ಪಾರ್ಶ್ವವಾಯುವಿನ ವಿಷಯದಲ್ಲಿ ಒಬ್ಬರೇ ಬಂದರೂ ಸಾಲದು. ನಡಿಗೆಗೆ ಫಿಸಿಯೋಥೆರಪಿಸ್ಟ್, ಗುಂಡಿ ಹಾಕುವ, ತುತ್ತು ಎತ್ತುವ ಕೈಕೆಲಸಕ್ಕೆ ಆಕ್ಯುಪೇಷನಲ್ ಥೆರಪಿಸ್ಟ್, ಮಾತಿಗೂ ನುಂಗುವಿಕೆಗೂ ವಾಕ್ ಚಿಕಿತ್ಸಕರು, ಬೆನ್ನು ಹುಣ್ಣಾಗದಂತೆ ನೋಡಿಕೊಳ್ಳಲು ದಾದಿ — ಹೀಗೆ ಹಲವು ಕೈಗಳು ಬೇಕು.

ಮನೆಯವರೇ ಸಾಕೇ?

ಇಷ್ಟೆಲ್ಲ ಜನರನ್ನು ಕರೆಸುವ ಶಕ್ತಿ ಎಷ್ಟು ಕುಟುಂಬಗಳಿಗಿದೆ? ಆಸ್ಪತ್ರೆಯ ಬಿಲ್ಲು ಕಟ್ಟಿ ದಣಿದ ಮನೆಗೆ ಭೇಟಿಗಿಷ್ಟು ಎಂದು ಕೊಡುವುದೂ ಭಾರವೇ. ಹಾಗಾದರೆ ಮನೆಯವರಿಗೇ ಕಲಿಸಿಬಿಟ್ಟರೆ ಆಗದೇ ಎಂಬ ಪ್ರಶ್ನೆ ಏಳುತ್ತದೆ.

ಇದನ್ನು ನಮ್ಮ ದೇಶದಲ್ಲೇ ಪರೀಕ್ಷಿಸಿ ನೋಡಲಾಗಿದೆ. 14 ಆಸ್ಪತ್ರೆಗಳ 1,250 ಪಾರ್ಶ್ವವಾಯು ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ಮನೆಯವರಿಗೆ ವ್ಯಾಯಾಮ ಮಾಡಿಸುವ ತರಬೇತಿ ಕೊಡಲಾಯಿತು. ಇನ್ನೊಂದು ಗುಂಪಿಗೆ ಎಂದಿನ ಆರೈಕೆ. ಆರು ತಿಂಗಳ ನಂತರ ಎರಡೂ ಗುಂಪುಗಳಲ್ಲಿ ತೀರಿಕೊಂಡವರು ಅಥವಾ ಪರಾವಲಂಬಿಗಳಾಗಿ ಉಳಿದವರು ಶೇಕಡ 47. 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಈ ಫಲಿತಾಂಶ ಅನೇಕರಿಗೆ ನಿರಾಸೆ ತಂದಿತು. ಇದಕ್ಕೆ ಮೊದಲು, 2003ರಲ್ಲಿ, ಬೇರೆ ಬೇರೆ ಕಡೆಯ 14 ಅಧ್ಯಯನಗಳ 1,617 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮನೆಯಲ್ಲಿದ್ದುಕೊಂಡು ತರಬೇತಾದ ಚಿಕಿತ್ಸಕರ ಸೇವೆ ಪಡೆದವರು ದೈನಂದಿನ ಕೆಲಸಗಳಲ್ಲಿ ಸುಧಾರಿಸಿದ್ದು ಕಂಡುಬಂದಿತ್ತು.

ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ತಿಳಿಯುವುದಿಷ್ಟು: ಮನೆಯವರ ಮಮತೆ ಬೇಕೇ ಬೇಕು, ಆದರೆ ಅದು ವಿದ್ಯೆಯ ಬದಲಿಯಲ್ಲ. ಬಹುತೇಕ ಮನೆಗಳಲ್ಲಿ ಈ ಹೊಣೆ ಬೀಳುವುದು ಹೆಂಡತಿ, ಮಗಳು ಅಥವಾ ಸೊಸೆಯ ಮೇಲೆ. ಅಡುಗೆ, ನೌಕರಿಗಳ ನಡುವೆ ಒಮ್ಮೆ ಕಲಿತದ್ದನ್ನು ತಿಂಗಳುಗಟ್ಟಲೆ ಒಬ್ಬರೇ ಮಾಡಿಸಬೇಕೆಂದರೆ ಅದು ಅವರ ಮೇಲೆ ಹೊರಿಸಿದ ಇನ್ನೊಂದು ಹೊರೆ. ರೋಗಿ ಎಷ್ಟು ಚೇತರಿಸಿದ್ದಾರೆ, ವ್ಯಾಯಾಮವನ್ನು ಯಾವಾಗ ಬದಲಿಸಬೇಕು ಎಂದು ನೋಡಲು ತಿಳಿದವರೊಬ್ಬರು ಮತ್ತೆ ಮತ್ತೆ ಬರಲೇಬೇಕು.

ಬಂದವರು ನಿಜವಾಗಿ ತಿಳಿದವರೇ ಎಂದು ಗೊತ್ತಾಗುವುದು ಹೇಗೆ? ಲಂಡನ್ನಿನ ನಾಲ್ವರು 1894ರಲ್ಲಿ ಎದುರಿಸಿದ ಪ್ರಶ್ನೆ ಇದೇ. ನಮ್ಮಲ್ಲಿ ಅದಕ್ಕೆ ದೇಶಮಟ್ಟದ ಕಾನೂನು ಬಂದದ್ದು 2021ರಲ್ಲಿ. ಆರೋಗ್ಯ ಸೇವೆಯ ಐವತ್ತಕ್ಕೂ ಹೆಚ್ಚು ವೃತ್ತಿಗಳನ್ನು ಹತ್ತು ವರ್ಗಗಳಲ್ಲಿ ಸೇರಿಸಿ, ಅವುಗಳ ಶಿಕ್ಷಣಕ್ಕೆ ಮಟ್ಟ ಗೊತ್ತುಮಾಡಲು ಮತ್ತು ಹೆಸರು ನೋಂದಾಯಿಸಲು ರಾಷ್ಟ್ರೀಯ ಆಯೋಗ ಹಾಗೂ ರಾಜ್ಯ ಮಂಡಳಿಗಳಿಗೆ ಈ ಕಾಯ್ದೆ ಅವಕಾಶ ಮಾಡಿತು. ಅಲ್ಲಿಯವರೆಗೆ ವೈದ್ಯರಿಗೆ, ದಾದಿಯರಿಗೆ ಇದ್ದಂತೆ ಫಿಸಿಯೋಥೆರಪಿಸ್ಟರಿಗೆ ದೇಶಮಟ್ಟದ ಮಂಡಳಿಯೇ ಇರಲಿಲ್ಲ.

ನೋಂದಣಿ ವ್ಯವಸ್ಥೆ ಪೂರ್ಣವಾಗಿ ನೆಲೆಗೊಳ್ಳುವವರೆಗೆ ಎಚ್ಚರ ಮನೆಯವರದೇ. ಬಂದವರ ಪದವಿ ಯಾವುದು, ಓದಿದ್ದು ಎಲ್ಲಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಬರೀ ಯಂತ್ರ ಹಚ್ಚಿ ಎದ್ದು ಹೋಗುತ್ತಾರೋ, ರೋಗಿಯಿಂದಲೇ ಕೆಲಸ ಮಾಡಿಸುತ್ತಾರೋ ಎಂಬುದನ್ನೂ ಗಮನಿಸಬೇಕು. ಒಳ್ಳೆಯ ಚಿಕಿತ್ಸಕರು ದಿನದಿಂದ ದಿನಕ್ಕೆ ತಮ್ಮ ಕೈಯನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ರೋಗಿ ತಾನಾಗಿ ಹೊಸಿಲು ದಾಟಿ ಬೀದಿಗೆ ಬಂದ ದಿನ ಅವರ ಕೆಲಸ ಮುಗಿಯುತ್ತದೆ.