ಗುಂಡಿ ನೋಡಿ ಕಾಲಿಡುವ ಯಂತ್ರ

ಮಳೆಗಾಲದಲ್ಲಿ ನಮ್ಮ ಹೈದರಾಬಾದಿನ ರಸ್ತೆಗಳಲ್ಲಿ ಸ್ಕೂಟರ್ ಓಡಿಸುವವರಿಗೆ ಒಂದು ವಿದ್ಯೆ ತಾನಾಗಿಯೇ ಬಂದುಬಿಡುತ್ತದೆ. ಮುಂದೆ ಕಾಣುವುದು ಬರೀ ನೀರೋ, ಅಡಿಯಲ್ಲಿ ಗುಂಡಿಯಿದೆಯೋ ಎಂದು ಅರೆಗಳಿಗೆಯಲ್ಲಿ ಅಳೆಯುವ ವಿದ್ಯೆ! ಅದನ್ನು ಯಂತ್ರಕ್ಕೆ ಕಲಿಸಹೊರಟವರ ಕಥೆಯಿದು. ಇದರ ಒಂದು ಎಳೆ ನಮ್ಮ ಬಾಲಾನಗರದಲ್ಲಿದೆ, ಇನ್ನೊಂದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ.

1969ರ ಜುಲೈ 20ರಂದು ಅಪೊಲೊ 11 ಚಂದ್ರನ ಮೇಲೆ ಇಳಿಯುವಾಗ ಕಂಪ್ಯೂಟರ್ ಅದನ್ನು ಬಂಡೆಗಳು ತುಂಬಿದ ಒಂದು ಕುಳಿಯತ್ತ ಒಯ್ಯುತ್ತಿತ್ತು. ಆರ್ಮ್‌ಸ್ಟ್ರಾಂಗ್ ಕಿಟಕಿಯಲ್ಲಿ ನೋಡಿ, ಹಿಡಿತ ತಮ್ಮ ಕೈಗೆ ತೆಗೆದುಕೊಂಡು, ಮುಂದೆ ಸಾಗಿ ಇಳಿಸಿದರು. ಮರುವರ್ಷ ರಷ್ಯನ್ನರ ಲೂನೊಖೋದ್ ಗಾಡಿಯನ್ನು ಭೂಮಿಯಲ್ಲಿ ಕುಳಿತೇ ಓಡಿಸಿದರು. ಚಂದ್ರನಿಗೆ ಸಂಕೇತ ಮುಟ್ಟಲು ಒಂದೂಕಾಲು ಸೆಕೆಂಡು ಸಾಕು. ಮಂಗಳನಿಗಾದರೆ ಹಲವು ನಿಮಿಷ ಬೇಕು, ‘ನಿಲ್ಲು’ ಎನ್ನುವಷ್ಟರಲ್ಲಿ ಗಾಡಿ ಬಿದ್ದಿರುತ್ತದೆ. ಹಾಗಾಗಿ 1997ರಲ್ಲಿ ಅಲ್ಲಿಗೆ ಹೋದ ಪುಟ್ಟ ಸೋಜರ್ನರ್‌ಗೆ ಲೇಸರ್ ಗೆರೆಗಳನ್ನು ನೆಲದ ಮೇಲೆ ಚೆಲ್ಲಿ, ಗೆರೆ ಎಲ್ಲಿ ಸೊಟ್ಟಗಾಯಿತು ಎಂದು ನೋಡಿ ಕಲ್ಲನ್ನು ಗುರುತಿಸುವುದನ್ನು ಕಲಿಸಿದ್ದರು.

ಇನ್ನು ಬಾಲಾನಗರಕ್ಕೆ ಬರೋಣ. ಅಲ್ಲಿರುವುದು ರಾಷ್ಟ್ರೀಯ ದೂರಸಂವೇದಿ ಕೇಂದ್ರ. 2005ರ ಮೇ 5ರಂದು ಹಾರಿದ ಕಾರ್ಟೊಸ್ಯಾಟ್-1ಕ್ಕೆ ಎರಡು ಕ್ಯಾಮೆರಾ, ಒಂದು ಮುಂದಕ್ಕೆ ಬಾಗಿದ್ದು, ಒಂದು ಹಿಂದಕ್ಕೆ. ಒಂದೇ ಗುಡ್ಡವನ್ನು ಎರಡೂ ಬೇರೆ ಬೇರೆ ಕೋನದಿಂದ ಕಾಣುತ್ತವೆ. ನಮ್ಮ ಎರಡು ಕಣ್ಣಿನ ಹಾಗೆಯೇ. ಎರಡು ಚಿತ್ರಗಳಲ್ಲಿ ಅದೇ ಬಿಂದು ಎಷ್ಟು ಸರಿದಿದೆ ಎಂಬುದರಿಂದ ಕಂಪ್ಯೂಟರ್ ಎತ್ತರವನ್ನು ಲೆಕ್ಕ ಹಾಕುತ್ತದೆ. ಈ ಚಿತ್ರಗಳಿಂದ ದೇಶದ ಏರುತಗ್ಗುಗಳ ನಕ್ಷೆ, ಕಾರ್ಟೊಡೆಮ್, ಸಿದ್ಧವಾಯಿತು. ಆದರೆ ಅಲ್ಲಿ ಆತುರವಿಲ್ಲ, ಲೆಕ್ಕ ತಪ್ಪಿದರೆ ಇನ್ನೊಮ್ಮೆ ಮಾಡಬಹುದು. ಚಂದ್ರನ ಮೇಲೆ ಇಳಿಯುವ ನೌಕೆಗೆ ಆ ಸೌಕರ್ಯ ಎಲ್ಲಿಂದ ಬರಬೇಕು?

ಅದಕ್ಕಾಗಿಯೇ ಇಸ್ರೋ ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿಸಿತು. 2016ರಲ್ಲಿ ಚಂದ್ರಯಾನ-2ರ ಉಪಕರಣಗಳನ್ನು ವಿಮಾನಕ್ಕೆ ಕಟ್ಟಿ ಅವುಗಳ ಮೇಲೆ ಹಾರಿಸಿದರು. ಒಂದು ಮಾತು ಹೇಳಲೇಬೇಕು: ಆ ಕಾವಲು ಅಮೃತ್ ಮಹಲ್ ದನಗಳ ಹುಲ್ಲುಗಾವಲು, ಸುತ್ತಲ ಹಳ್ಳಿಗಳ ದನಕುರಿಗಳಿಗೂ ಅದೇ ಆಸರೆ. ಚಳ್ಳಕೆರೆಯ ಕಾವಲುಗಳನ್ನು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಿದಾಗ ಜನ ಪ್ರತಿಭಟಿಸಿದರು, ವಿಷಯ ಹಸಿರು ನ್ಯಾಯಮಂಡಳಿಗೂ ಹೋಯಿತು. ಚಂದ್ರನ ನೆಲಕ್ಕಾಗಿ ಇಲ್ಲಿಯ ನೆಲವನ್ನು ಬಿಟ್ಟುಕೊಟ್ಟವರನ್ನು ನೆನೆದವರು ಕಡಿಮೆ.

2019ರ ಸೆಪ್ಟೆಂಬರ್ 7ರ ನಸುಕಿನ ಜಾವ ನಿಮಗೆ ನೆನಪಿರಬಹುದು. 2.1 ಕಿಲೋಮೀಟರ್ ಎತ್ತರದವರೆಗೆ ಎಲ್ಲ ಸರಿಯಿತ್ತು, ಆಮೇಲೆ ವಿಕ್ರಮ್ ಮೌನವಾಯಿತು. ಗುಂಡಿ ಕಾಣದೆ ಬಿದ್ದಿತೆಂದು ನಮ್ಮಲ್ಲಿ ಹಲವರು ಎಣಿಸಿದ್ದೆವು. ಹಾಗಲ್ಲ. ಎಂಜಿನ್‌ಗಳು ಲೆಕ್ಕಕ್ಕಿಂತ ಹೆಚ್ಚು ನೂಕಿದವು, ಆ ತಪ್ಪನ್ನು ತಿದ್ದುವಷ್ಟು ಬೇಗ ತಿರುಗಲು ಸಾಫ್ಟ್‌ವೇರ್ ಬಿಡಲಿಲ್ಲ. ಇಳಿಯಬೇಕಾದ ಜಾಗವೂ ಅರ್ಧ ಕಿಲೋಮೀಟರ್ ಚೌಕದ್ದು, ಬಲು ಇಕ್ಕಟ್ಟು. ಚಳ್ಳಕೆರೆಯಲ್ಲಿ ಕಲಿತ ಕಣ್ಣಿನ ಸರದಿ ಬರುವ ಮೊದಲೇ ಆಟ ಕೆಟ್ಟಿತ್ತು.

ಆದರೆ ಮೇಲೆ ಸುತ್ತುತ್ತಿದ್ದ ಆರ್ಬಿಟರ್ ಉಳಿಯಿತು. ಅದರ ಕ್ಯಾಮೆರಾ ಸುಮಾರು ಒಂದು ಅಡಿಯ ಕಲ್ಲನ್ನೂ ಗುರುತಿಸಬಲ್ಲದು. ಆ ಚಿತ್ರಗಳನ್ನು ನೋಡಿ ಚಂದ್ರಯಾನ-3ಕ್ಕೆ ಜಾಗ ಹುಡುಕಿದರು, ಈ ಸಲ 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲ. 2023ರ ಆಗಸ್ಟ್ 23ರ ಸಂಜೆ ವಿಕ್ರಮ್ ಸುಮಾರು 150 ಮೀಟರ್ ಎತ್ತರದಲ್ಲಿ ತಡೆದು ನಿಂತು, ಕೆಳಗೆ ದಿಟ್ಟಿಸಿ, ಸಮತಟ್ಟು ಜಾಗ ಆರಿಸಿ, 6 ಗಂಟೆ 4 ನಿಮಿಷಕ್ಕೆ ಇಳಿಯಿತು. ಆ ಹೊತ್ತಿನಲ್ಲಿ ಅದಕ್ಕೆ ಯಾರೂ ಏನೂ ಹೇಳಿಕೊಡಲಿಲ್ಲ.

ಒಳಗಿಂದ ಹೊರಬಂದ ಪ್ರಜ್ಞಾನ್ ಗಾಡಿಯದು ಬೇರೆ ರೀತಿ. ಅದು ಚಿತ್ರ ತೆಗೆದು ಕಳಿಸುತ್ತಿತ್ತು, ಇಲ್ಲಿ ಏರುತಗ್ಗಿನ ನಕ್ಷೆ ಮಾಡಿ ದಾರಿ ಹೇಳುತ್ತಿದ್ದರು. ಆಗಸ್ಟ್ 27ರಂದು ಅದರ ಮುಂದೆ ಮೂರೇ ಮೀಟರ್ ದೂರದಲ್ಲಿ ನಾಲ್ಕು ಮೀಟರ್ ಅಗಲದ ಕುಳಿಯೊಂದು ಕಂಡಿತು. ಬಂದ ದಾರಿಯಲ್ಲೇ ಹಿಂದಿರುಗು ಎಂದು ಇಲ್ಲಿಂದ ಆಜ್ಞೆ ಹೋಯಿತು. ಗಾಡಿ ಹಿಂದಿರುಗಿ, ಬೇರೆ ದಾರಿ ಹಿಡಿಯಿತು.